ಅಳತೆಗೆ ಕಟ್ಟಿಸಿದ ಟೈಟಾನಿಯಂ ಸೈಕಲ್: ನಕ್ಷೆಯಿಂದ ಮೊದಲ ಮಳೆಗಾಲದವರೆಗೆ ಒಂದು ಪ್ರಕರಣ

ಗ್ರಾಹಕಿ ಮಲ್ಲೇಶ್ವರದವರು. ವಯಸ್ಸು 41, ಎತ್ತರ 156 ಸೆಂ.ಮೀ., ತೂಕ 52 ಕೆ.ಜಿ. ವಾರದ ದಿನಗಳಲ್ಲಿ ಹೆಬ್ಬಾಳದ ಕಡೆ ಆಫೀಸಿಗೆ, ಭಾನುವಾರ ನಂದಿ ಬೆಟ್ಟಕ್ಕೆ, ನಡುನಡುವೆ ಬ್ರೆವೆಗಳಿಗೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗಳಿಗೆ) ಸೈಕಲ್ ತುಳಿಯುತ್ತಾರೆ. 13 ಗಂಟೆ 30 ನಿಮಿಷದ ಗಡುವಿರುವ 200 ಕಿ.ಮೀ., 20 ಗಂಟೆಯ 300 ಕಿ.ಮೀ. ಎರಡನ್ನೂ ಮುಗಿಸಿದ್ದಾರೆ. 27 ಗಂಟೆಯ 400 ಕಿ.ಮೀ.ಗೆ ಇಳಿಯುವ ಮುಂಚೆ ಸೈಕಲ್ ಬದಲಿಸಲು ಹೊರಟರು. ಕೈಯಲ್ಲಿದ್ದದ್ದು ದೊಡ್ಡ ಕಂಪನಿಯೊಂದರ ಅತಿ ಚಿಕ್ಕ ಸೈಜಿನ ಅಲ್ಯೂಮಿನಿಯಂ ಸೈಕಲ್, 700ಸಿ (ರಸ್ತೆ ಸೈಕಲ್‌ಗಳ ಮಾಮೂಲಿ ದೊಡ್ಡ ಅಳತೆ) ಚಕ್ರ, 32 ಮಿ.ಮೀ. ಟೈರು. ದೂರು ಎರಡು. ನೂರೈವತ್ತು ಕಿಲೋಮೀಟರ್ ದಾಟಿದರೆ ಅಂಗೈ ಜೋಮು ಹಿಡಿಯುತ್ತಿತ್ತು, ಕುತ್ತಿಗೆ ಬಿಗಿಯುತ್ತಿತ್ತು. ಫ್ಲೈಓವರ್ ಕೆಳಗೆ ನಿಧಾನವಾಗಿ ಯು ಟರ್ನ್ ಹೊಡೆಯುವಾಗ ಶೂ ತುದಿ ಮುಂದಿನ ಮಡ್‌ಗಾರ್ಡಿಗೆ ಬಡಿಯುತ್ತಿತ್ತು.

ಎರಡಕ್ಕೂ ಮೂಲ ಒಂದೇ. 700ಸಿ ಚಕ್ರ ಚಿಕ್ಕದಾಗುವುದಿಲ್ಲ, ಆದ್ದರಿಂದ ಕಂಪನಿಗಳು ಅತಿ ಚಿಕ್ಕ ಸೈಜಿನಲ್ಲಿ ಫ್ರೇಮನ್ನೇ ಅದಕ್ಕೆ ಬಗ್ಗಿಸುತ್ತವೆ. ಸೀಟ್ ಟ್ಯೂಬನ್ನು (ಸೀಟಿನ ಕೆಳಗಿನ ಪೈಪು) ಕಡಿದಾಗಿ ನಿಲ್ಲಿಸುತ್ತವೆ, ಹೆಡ್ ಟ್ಯೂಬನ್ನು (ಫೋರ್ಕ್ ತಿರುಗುವ ಮುಂದಿನ ಗಿಡ್ಡ ಪೈಪು) ಹಿಂದಕ್ಕೆ ವಾಲಿಸುತ್ತವೆ. ಇವರ ಹಳೆಯ ಫ್ರೇಮಿನ ಸೀಟ್ ಕೋನ 75.5 ಡಿಗ್ರಿ. ಸೀಟನ್ನು ರೈಲಿನ ಕೊನೆವರೆಗೆ ಹಿಂದಕ್ಕೆ ಸರಿಸಿದರೂ ಬೇಕಾದ ಜಾಗಕ್ಕೆ ಇನ್ನೂ 20 ಮಿ.ಮೀ. ಕಡಿಮೆ ಬೀಳುತ್ತಿತ್ತು. ಸೊಂಟ ಮುಂದೆ ಬಂದಷ್ಟೂ ಮೈಭಾರ ಅಂಗೈ ಮೇಲೆ ಬೀಳುತ್ತದೆ. ಹ್ಯಾಂಡಲ್ ಟೇಪ್ ದಪ್ಪ ಮಾಡಿದ್ದು, ಗ್ಲೌಸ್ ಬದಲಿಸಿದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಬರುವ ಹಾಗೂ ಇರಲಿಲ್ಲ.

ಟೈಟಾನಿಯಂ ಯಾಕೆ ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಮೇಲಿನ ಎರಡೂ ದೂರನ್ನು ಅಳತೆಗೆ ಕಟ್ಟಿದ ಸ್ಟೀಲ್ ಫ್ರೇಮೂ ಪರಿಹರಿಸುತ್ತದೆ, ಅದೂ ಕಡಿಮೆ ದುಡ್ಡಿಗೆ. ಟೈಟಾನಿಯಂ ಫ್ರೇಮ್ ಮೆತ್ತಗೆ ಓಡುತ್ತದೆ ಎಂಬ ಮಾತಿನಲ್ಲಿ ಬಹುಪಾಲು ಶ್ರೇಯ ಅಗಲವಾದ ಟೈರಿಗೆ ಸಲ್ಲಬೇಕು. ತೂಕವೊಂದೇ ಗುರಿಯಾದರೆ ಕಾರ್ಬನ್ ಸಾಕು. ಟೈಟಾನಿಯಂ ಗೆಲ್ಲುವುದು ಬಾಳಿಕೆಯಲ್ಲಿ. ತುಕ್ಕು ಹಿಡಿಯುವುದಿಲ್ಲ, ಪೇಂಟ್ ಬೇಕಿಲ್ಲ, ಬೆವರು ಮಳೆ ಯಾವುದಕ್ಕೂ ಜಗ್ಗುವುದಿಲ್ಲ. ಈ ಸೈಕಲ್ ಬಾಲ್ಕನಿಯಲ್ಲಿ ಇರುಚಲಿಗೆ ನಿಲ್ಲುವಂಥದ್ದು, ಹದಿನೈದು ವರ್ಷ ಇಟ್ಟುಕೊಳ್ಳುವ ಉದ್ದೇಶದ್ದು. ಆ ಲೆಕ್ಕದಲ್ಲಿ ಆಯ್ಕೆ ಸರಿಯಾಗಿತ್ತು.

ತಯಾರಕರು ಪೀಣ್ಯದಲ್ಲಿ ಇಬ್ಬರೇ ನಡೆಸುವ ಒಂದು ಸಣ್ಣ ವರ್ಕ್‌ಶಾಪ್. ಒಬ್ಬರದು ನಕ್ಷೆ ಮತ್ತು ಮೆಷಿನಿಂಗ್, ಇನ್ನೊಬ್ಬರದು ವೆಲ್ಡಿಂಗ್.

ಅಳತೆ ಮತ್ತು ನಕ್ಷೆ

ಅಳತೆಗೆ ಕಟ್ಟಿಸುವ ಫ್ರೇಮಿನಲ್ಲಿ ಗ್ರಾಹಕರು ನಿಜಕ್ಕೂ ಕೊಳ್ಳುವುದು ನಕ್ಷೆಯನ್ನು. ಪೈಪು ಕತ್ತರಿಸಿದ ಮೇಲೆ ತಿದ್ದಲು ಹೆಚ್ಚೇನೂ ಉಳಿದಿರುವುದಿಲ್ಲ, ಟೈಟಾನಿಯಂನಲ್ಲಂತೂ ಇನ್ನೂ ಕಡಿಮೆ. ಸ್ಟೀಲ್ ಆದರೆ ಬಗ್ಗಿಸಿ ಒಂದೆರಡು ಮಿ.ಮೀ. ಸರಿಪಡಿಸಬಹುದು. ಟೈಟಾನಿಯಂ ಬಗ್ಗಿಸಿದಷ್ಟೇ ವಾಪಸ್ ಚಿಮ್ಮುತ್ತದೆ.

ಆದ್ದರಿಂದ ಮೊದಲ ಎರಡು ತಿಂಗಳು ಕೆಲಸವೆಲ್ಲ ಹಳೆಯ ಸೈಕಲಿನ ಮೇಲೇ ನಡೆಯಿತು. ಹಿಂದಕ್ಕೆ ಹೆಚ್ಚು ಬಾಗಿದ ಸೀಟ್‌ಪೋಸ್ಟ್ ಹಾಕಿ, ಹ್ಯಾಂಡಲನ್ನು ಹಿಡಿದಿಡುವ 80 ಮಿ.ಮೀ. ಸ್ಟೆಮ್ ತೆಗೆದು 60ರದ್ದು ಹಾಕಿ, ಬೇಕಾದ ಕೂರುವ ಭಂಗಿಯನ್ನು ಹಳೆಯ ಫ್ರೇಮಿನ ಮೇಲೆಯೇ ಸಾಧ್ಯವಾದಷ್ಟು ಹುಟ್ಟುಹಾಕಿ, ಅದರಲ್ಲೇ ದೂರದ ಸವಾರಿ ಮಾಡಿ ನೋಡಲಾಯಿತು. ಫಿಟ್ಟಿಂಗ್ ಸ್ಟುಡಿಯೋದಲ್ಲಿ ಅರ್ಧ ಗಂಟೆ ಕೂತು ಬಂದ ಅಂಕಿಗಳನ್ನು ನೇರ ನಕ್ಷೆಗೆ ಇಳಿಸಬಾರದು. ನಂದಿಯ ಕಡಿದಾದ ತಿರುವುಗಳಲ್ಲಿ ಮೈ ಹೇಗೆ ಕೂರುತ್ತದೆ ಎಂಬುದು ನಿಂತಲ್ಲೇ ತುಳಿಯುವ ಟ್ರೈನರ್ ಯಂತ್ರದ ಮೇಲೆ ಗೊತ್ತಾಗುವುದಿಲ್ಲ.

ಇಲ್ಲೊಂದು ಸಣ್ಣ ಬಲೆ ಇದೆ. ಹಳೆಯ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) 165 ಮಿ.ಮೀ., ಹೊಸದಕ್ಕೆ 160 ಎಂದು ತೀರ್ಮಾನವಾಗಿತ್ತು. ಕ್ರ್ಯಾಂಕ್ 5 ಮಿ.ಮೀ. ಕುಗ್ಗಿದರೆ ಸೀಟು 5 ಮಿ.ಮೀ. ಮೇಲೇರಬೇಕು, ಅಂದರೆ ಬಿಬಿ (ಬಾಟಮ್ ಬ್ರಾಕೆಟ್, ಕ್ರ್ಯಾಂಕ್ ತಿರುಗುವ ಜಾಗ) ನಡುವಿನಿಂದ ಸೀಟಿನ ಮೇಲ್ಮೈಗೆ 630 ಇದ್ದದ್ದು 635 ಆಗುತ್ತದೆ. ಸೀಟು ಏರಿದಷ್ಟೂ ಹ್ಯಾಂಡಲ್ ತಗ್ಗಿದಂತೆ. ಇದನ್ನು ಹೇಳದಿದ್ದರೆ ತಯಾರಕರು ಹಳೆಯ ಅಂಕಿಗೇ ಕಟ್ಟುತ್ತಾರೆ, ಕುತ್ತಿಗೆ ನೋವು ಹೊಸ ಫ್ರೇಮಿಗೂ ಹಿಂಬಾಲಿಸುತ್ತದೆ.

ಹೊಸ ನಕ್ಷೆಯ ಮುಖ್ಯ ಅಂಕಿಗಳು ಹೀಗಿದ್ದವು (ಕೋನ ಡಿಗ್ರಿಯಲ್ಲಿ, ಉದ್ದ ಮಿ.ಮೀ.ನಲ್ಲಿ). ಸ್ಟ್ಯಾಕ್ (ಬಿಬಿಯಿಂದ ಹೆಡ್ ಟ್ಯೂಬಿನ ಮೇಲ್ತುದಿಗೆ ಎತ್ತರ) 520, ರೀಚ್ (ಅದೇ ತುದಿಗೆ ಮುಂದಕ್ಕೆ ದೂರ) 366, ಸೀಟ್ ಕೋನ 73.5, ಹೆಡ್ ಕೋನ 70.5, ಬಿಬಿ ಡ್ರಾಪ್ (ಚಕ್ರದ ಅಚ್ಚಿಗಿಂತ ಬಿಬಿ ಎಷ್ಟು ಕೆಳಗೆ) 62, ಚೈನ್‌ಸ್ಟೇ (ಬಿಬಿಯಿಂದ ಹಿಂಚಕ್ರದ ಅಚ್ಚಿಗೆ ಹೋಗುವ ಪೈಪು) 428, ಫೋರ್ಕ್ ಆಫ್‌ಸೆಟ್ (ಸ್ಟೀರಿಂಗ್ ಅಕ್ಷಕ್ಕಿಂತ ಮುಂಚಕ್ರದ ಅಚ್ಚು ಎಷ್ಟು ಮುಂದೆ) 52, ಚಕ್ರ 650ಬಿ (700ಸಿಗಿಂತ ಚಿಕ್ಕದು), ಟೈರು 42 ಮಿ.ಮೀ. ಸೀಟ್ ಕೋನ ಎರಡು ಡಿಗ್ರಿ ಇಳಿದದ್ದರಿಂದ ಈ ಎತ್ತರದಲ್ಲಿ ಸೀಟು ಸುಮಾರು 22 ಮಿ.ಮೀ. ಹಿಂದೆ ಹೋಯಿತು. ಹ್ಯಾಂಡಲ್ ಎಷ್ಟು ಹಿಂದೆ ಬಂತು? ಹಳೆಯ ರೀಚ್ 370ಕ್ಕಿಂತ 4 ಕಡಿಮೆ, ಸ್ಟೆಮ್ 20 ಕಡಿಮೆ, ಹ್ಯಾಂಡಲ್ ಬಾರಿನ ಮುಂಚಾಚು 80ರ ಬದಲು 70. ಒಟ್ಟು 34. ಸೀಟಿನಿಂದ ಹ್ಯಾಂಡಲಿಗೆ ದೂರ 12 ಮಿ.ಮೀ. ತಗ್ಗಿತು, ಭಾರವೂ ಹಿಂದಕ್ಕೆ ಸರಿಯಿತು.

ಕಾಲ್ಬೆರಳಿನ ಲೆಕ್ಕವನ್ನು ಯಾರು ಬೇಕಾದರೂ ಕಾಗದದ ಮೇಲೆ ಮಾಡಬಹುದು. ಹಳೆಯ ಸೈಕಲಿನಲ್ಲಿ ಕ್ರ್ಯಾಂಕ್ 165, ಪೆಡಲಿನ ಅಚ್ಚಿನಿಂದ ಶೂ ತುದಿಗೆ 90, ಕೂಡಿದರೆ 255. ಶೂ ತುದಿ ಸೈಕಲಿನ ನಡುಗೆರೆಯಿಂದ ಸುಮಾರು 110 ಮಿ.ಮೀ. ಹೊರಗಿರುತ್ತದೆ. ಹ್ಯಾಂಡಲ್ ತಿರುಗಿ ಮಡ್‌ಗಾರ್ಡಿನ ಹಿಂಬದಿ ಅಷ್ಟು ಹೊರಗೆ ಬಂದಾಗ ಅದು ಮುಂದಿನ ಅಚ್ಚಿಗಿಂತ 338 ಮಿ.ಮೀ. ಹಿಂದಿರುತ್ತದೆ. ಎರಡೂ ಸೇರಿ 593 ಬೇಕು. ಫ್ರೇಮಿನಲ್ಲಿ ಬಿಬಿ ನಡುವಿನಿಂದ ಮುಂದಿನ ಅಚ್ಚಿಗೆ ಇದ್ದದ್ದು 578. ಹದಿನೈದು ಮಿ.ಮೀ. ಕೊರತೆ. ಹೊಸದರಲ್ಲಿ 160 ಮತ್ತು 90 ಸೇರಿ 250, ಚಿಕ್ಕ ಚಕ್ರದ ಮಡ್‌ಗಾರ್ಡಿಗೆ 328, ಒಟ್ಟು 578. ನಕ್ಷೆ ಕೊಟ್ಟದ್ದು 587. ಒಂಬತ್ತು ಮಿ.ಮೀ. ಮಿಗುತ್ತದೆ. ಇದೇ ಫ್ರೇಮಿಗೆ 700ಸಿ ಚಕ್ರ, 38 ಮಿ.ಮೀ. ಟೈರು ಇಟ್ಟು ನೋಡಿದಾಗ ಮತ್ತೆ 10 ಮಿ.ಮೀ. ಕೊರತೆ ಬಂತು. ಅಲ್ಲಿಗೆ 650ಬಿ ನಿರ್ಧಾರವಾಯಿತು. ಅದರ ಟ್ಯೂಬು ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆ ಬೇಡ, 27.5 ಇಂಚಿನ ಎಂಟಿಬಿಯದ್ದೂ ಇದೇ 584 ಮಿ.ಮೀ. ರಿಮ್ಮು, ಟ್ಯೂಬು ಎಲ್ಲ ಸೈಕಲ್ ಅಂಗಡಿಗಳಲ್ಲೂ ಇರುತ್ತದೆ. ರಸ್ತೆಗೆ ಹೊಂದುವ ನಯವಾದ ಟೈರು ಮಾತ್ರ ಒಂದು ಹೆಚ್ಚುವರಿ ಮನೆಯಲ್ಲಿರಬೇಕು.

ಹ್ಯಾಂಡಲಿನ ಸ್ವಭಾವ ತೀರ್ಮಾನವಾಗುವುದು ಟ್ರೇಲ್ ಅಂಕಿಯಲ್ಲಿ, ಅಂದರೆ ಸ್ಟೀರಿಂಗ್ ಅಕ್ಷ ನೆಲ ಮುಟ್ಟುವ ಬಿಂದುವಿಗಿಂತ ಟೈರು ನೆಲ ಮುಟ್ಟುವ ಬಿಂದು ಎಷ್ಟು ಹಿಂದಿದೆ ಎಂಬುದರಲ್ಲಿ. ಚಕ್ರದ ತ್ರಿಜ್ಯವನ್ನು ಹೆಡ್ ಕೋನದ ಕೊಸೈನ್‌ನಿಂದ ಗುಣಿಸಿ, ಆಫ್‌ಸೆಟ್ ಕಳೆದು, ಸೈನ್‌ನಿಂದ ಭಾಗಿಸಿದರೆ ಬರುತ್ತದೆ. ಇಲ್ಲಿ 334 ಮಿ.ಮೀ. ತ್ರಿಜ್ಯಕ್ಕೆ 63 ಮಿ.ಮೀ. ಬಂತು. ಹಗುರ ಸವಾರರಿಗೆ, ಮುಂದೆ ಸಣ್ಣ ಬ್ಯಾಗು ಹಾಕುವವರಿಗೆ ಒಳ್ಳೆಯ ಅಂಕಿ. ಬಿಬಿ ನೆಲದಿಂದ 272 ಮಿ.ಮೀ., ಹಳೆಯದರಲ್ಲಿ 271. ಕ್ರ್ಯಾಂಕ್ ಗಿಡ್ಡವಾದದ್ದರಿಂದ ಹಂಪ್ ದಾಟುವಾಗ ಪೆಡಲಿಗೆ ಇನ್ನಷ್ಟು ಜಾಗ ಸಿಕ್ಕಿತು.

ಈಗ ಈ ಪ್ರಕರಣದ ಅತಿ ದುಬಾರಿಯಾಗಬಹುದಾಗಿದ್ದ ತಪ್ಪು. ಮೊದಲ ನಕ್ಷೆಯಲ್ಲಿ ಹೆಡ್ ಟ್ಯೂಬ್ ಉದ್ದ 112 ಮಿ.ಮೀ. ಎಂದಿತ್ತು. ಹೆಡ್ ಟ್ಯೂಬಿನ ಒಳವ್ಯಾಸ 44 ಮಿ.ಮೀ., ಕೆಳಗಡೆ ದಪ್ಪವಾಗುವ ಟೇಪರ್ ಫೋರ್ಕ್. ಈ ಜೋಡಿಗೆ ಕೆಳಗಿನ ಬೇರಿಂಗ್ ಕಪ್ ಹೆಡ್ ಟ್ಯೂಬಿನ ಹೊರಗೆ ಕೂರುತ್ತದೆ, 12 ಮಿ.ಮೀ. ಜಾಗ ತಿನ್ನುತ್ತದೆ. ಗ್ರಾಹಕಿ ಅಂಕಿಗಳನ್ನು ಕೂಡಿ ನೋಡಿ ಫೋನ್ ಮಾಡಿದರು.

“ಸಾರ್, ಕೆಳಗಿನ ಕಪ್ ಲೆಕ್ಕಕ್ಕೆ ತಗೊಂಡಿದ್ದೀರಾ? ನಾನು ಕೂಡಿದರೆ ಸ್ಟ್ಯಾಕ್ ಹನ್ನೊಂದು ಮಿಲಿಮೀಟರ್ ಜಾಸ್ತಿ ಬರ್ತಿದೆ.”

“ಒಂದು ನಿಮಿಷ ಮೇಡಂ... ಇಲ್ಲ, ಹಳೆ ಟೆಂಪ್ಲೇಟಲ್ಲೇ ಬಿಟ್ಟಿದೀನಿ. ಒಳ್ಳೇದಾಯ್ತು ಹೇಳಿದ್ರಿ, ನೂರಕ್ಕೆ ಇಳಿಸ್ತೀನಿ.”

ಹಾಗೇ ಕಟ್ಟಿದ್ದರೆ ಮುಂಭಾಗ ಎದ್ದು ಹೆಡ್ ಕೋನ 70ಕ್ಕಿಂತ ಕೆಳಗಿಳಿಯುತ್ತಿತ್ತು, ಸೀಟ್ ಕೋನವೂ ಅಷ್ಟೇ ವಾಲುತ್ತಿತ್ತು, ಬಿಬಿ ಮೇಲೇರುತ್ತಿತ್ತು. ಪರಿಶೀಲನೆಯ ಲೆಕ್ಕ ಇಷ್ಟೇ: ಹೆಡ್ ಟ್ಯೂಬ್ 100, ಕಪ್ 12, ಸ್ಟೀರಿಂಗ್ ಅಕ್ಷದ ಉದ್ದಕ್ಕೆ ಫೋರ್ಕ್ 392, ಒಟ್ಟು 504. ಅದನ್ನು 70.5 ಡಿಗ್ರಿಯ ಸೈನ್ 0.9426ರಿಂದ ಗುಣಿಸಿದರೆ 475. ಆಫ್‌ಸೆಟ್‌ನಿಂದ ಅಚ್ಚು ಮೇಲೇರುವ 17 ಕಳೆದು, ಡ್ರಾಪ್ 62 ಕೂಡಿಸಿದರೆ 520. ನಕ್ಷೆಯ ಸ್ಟ್ಯಾಕ್‌ಗೆ ಇದು ತಾಳೆಯಾಗದಿದ್ದರೆ ಸಹಿ ಹಾಕಬಾರದು.

ಫೋರ್ಕ್‌ನ ಉದ್ದವನ್ನು ಕ್ಯಾಟಲಾಗ್ ನಂಬಿ ಬರೆಯದೆ, ಫೋರ್ಕ್ ತರಿಸಿ ಬೆಂಚ್ ಮೇಲೆ ಅಳೆದ ನಂತರವೇ ಹೆಡ್ ಟ್ಯೂಬ್ ಕತ್ತರಿಸಲಾಯಿತು. 5 ಮಿ.ಮೀ. ವ್ಯತ್ಯಾಸವೂ ಹೆಡ್ ಕೋನವನ್ನು ಕಾಲು ಡಿಗ್ರಿಗಿಂತ ಹೆಚ್ಚು ಸರಿಸುತ್ತದೆ. ಕಾರ್ಬನ್ ಫೋರ್ಕ್ ಹೊರದೇಶದಿಂದ ಬಂತು. ಸ್ವಂತ ಬಳಕೆಗೆ ಒಂದು ಫೋರ್ಕ್ ತರಿಸಲು ಆಮದು ಪರವಾನಗಿ ಸಂಖ್ಯೆ ಬೇಕಿಲ್ಲ, ಕೊರಿಯರ್‌ನವರು ಕೇಳುವ ಗುರುತಿನ ದಾಖಲೆ ಸಾಕು. ಸುಂಕದ ಲೆಕ್ಕ ವಸ್ತುವಿನ ಬೆಲೆ, ಸಾಗಣೆ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ. ಮೂಲ ಸುಂಕ ಶೇ. 20 ಎಂದಿಟ್ಟುಕೊಂಡರೆ, 100 ರೂಪಾಯಿಗೆ 20, ಆ 20ರ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್ 2, ಎಲ್ಲ ಸೇರಿದ 122ರ ಮೇಲೆ ಆಮದಿಗೆ ಬೀಳುವ ಜಿಎಸ್‌ಟಿ, ಅಂದರೆ ಐಜಿಎಸ್‌ಟಿ. ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ, ಆ ದರವೇ ಅನ್ವಯಿಸಿದರೆ ಅದು 6.10. ಒಟ್ಟು 28.10. ಮೂಲ ಸುಂಕ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುವುದರಿಂದ ಆರ್ಡರ್ ಹಾಕುವ ದಿನದ ದರ ನೋಡಿಕೊಳ್ಳಬೇಕು. ತಯಾರಕರ ಕೊಟೇಶನ್ ಸುಂಕ ಸೇರಿಸಿಯೋ ಬಿಟ್ಟೋ ಎಂಬುದು ಬರಹದಲ್ಲಿರಬೇಕು.

ಪೈಪು, ಬೆಸುಗೆ, ಹಣ

ಮುಖ್ಯ ಪೈಪುಗಳು ಗ್ರೇಡ್ 9, ಅಂದರೆ ಶೇ. 3 ಅಲ್ಯೂಮಿನಿಯಂ, ಶೇ. 2.5 ವನೇಡಿಯಂ ಬೆರೆತ ಟೈಟಾನಿಯಂ. ಡ್ರಾಪ್‌ಔಟ್‌ಗಳಂಥ (ಹಿಂಚಕ್ರದ ಅಚ್ಚು ಕೂರುವ ತುದಿಗಳು) ಮೆಷಿನ್ ಮಾಡಿದ ತುಂಡುಗಳು ಗಡುಸಾದ ಗ್ರೇಡ್ 5. ಖನಿಜವೇನೋ ಪಕ್ಕದ ಕೇರಳದ ಚವರದ ಕಡಲ ಮರಳಿನಲ್ಲೇ ಇದೆ. ಆದರೆ ಸೈಕಲಿಗೆ ಬೇಕಾದ ತೆಳುಗೋಡೆಯ ಗ್ರೇಡ್ 9 ಪೈಪನ್ನು ಈ ತಯಾರಕರು ಹೊರಗಿನಿಂದ ತರಿಸುತ್ತಾರೆ.

ಟೈಟಾನಿಯಂ ಸ್ಟೀಲಿನ ಸುಮಾರು ಅರ್ಧದಷ್ಟೇ ಬಿಗಿ. ಅದಕ್ಕೇ ಪೈಪು ದಪ್ಪ ಕಾಣುತ್ತದೆ. ಸಣ್ಣ ತಯಾರಕರು ಎಲ್ಲರಿಗೂ ಒಂದೇ 38.1 ಮಿ.ಮೀ. ಡೌನ್ ಟ್ಯೂಬ್ (ಹೆಡ್ ಟ್ಯೂಬಿನಿಂದ ಬಿಬಿಗೆ ಇಳಿಯುವ ಪೈಪು) ಹಾಕಿಬಿಡುವುದುಂಟು. 52 ಕೆ.ಜಿ. ಸವಾರರಿಗೆ ಅದು ಅತಿಯಾಯಿತು. ಗೋಡೆಯ ದಪ್ಪ ಒಂದೇ ಇದ್ದಾಗ ಬಾಗುವಿಕೆಗೆ ಪ್ರತಿರೋಧ ವ್ಯಾಸದ ಘನಕ್ಕೆ ಅನುಗುಣ. 34.9ರಿಂದ 38.1ಕ್ಕೆ ಹೋದರೆ ಬಿಗಿ ಶೇ. 30 ಹೆಚ್ಚುತ್ತದೆ. ಇಲ್ಲಿ ಡೌನ್ ಟ್ಯೂಬ್ 34.9, ಟಾಪ್ ಟ್ಯೂಬ್ 31.8, ಎರಡೂ 0.9 ಮಿ.ಮೀ. ಗೋಡೆ ಎಂದಾಯಿತು.

ಪೀಣ್ಯದಲ್ಲಿ ಆರ್ಗನ್ ವೆಲ್ಡಿಂಗ್ ಬಲ್ಲ ಕೈಗಳು ಬೇಕಾದಷ್ಟಿವೆ. ಸ್ಟೇನ್‌ಲೆಸ್ ಚೆನ್ನಾಗಿ ಬೆಸೆಯುವವರೆಲ್ಲ ಟೈಟಾನಿಯಂ ಬೆಸೆಯಬಲ್ಲರು ಎಂದುಕೊಳ್ಳುವುದು ಮಾತ್ರ ಅಪಾಯ. ಬಿಸಿ ಟೈಟಾನಿಯಂ ಗಾಳಿಯ ಆಮ್ಲಜನಕ, ಸಾರಜನಕ ಎರಡನ್ನೂ ಹೀರಿಕೊಂಡು ಪೆಡಸಾಗುತ್ತದೆ. ಆರ್ಕ್ ನಿಂತ ಮೇಲೂ ಬೆಸುಗೆ ಸುಮಾರು 400 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಟಾರ್ಚ್ ಕದಲಿಸದೆ ಆರ್ಗನ್ ಹರಿಸುತ್ತಿರಬೇಕು. ಪೈಪಿನ ಒಳಗೂ ಆರ್ಗನ್ ತುಂಬಿರಬೇಕು. ಅದಕ್ಕಾಗಿ ಜೋಡಣೆಯ ಜಾಗಗಳಲ್ಲಿ ಸಣ್ಣ ತೂತುಗಳನ್ನು ಕೊರೆದಿರುತ್ತಾರೆ. ಅಸಿಟೋನ್‌ನಲ್ಲಿ ಒರೆಸಿದ ಪೈಪನ್ನು ಬರಿಗೈಯಲ್ಲಿ ಮುಟ್ಟಿದರೂ ಬೆರಳಿನ ಜಿಡ್ಡು ಬೆಸುಗೆ ಕೆಡಿಸುತ್ತದೆ.

ಒಳ್ಳೆಯ ಬೆಸುಗೆ ಬೆಳ್ಳಿಯಂತೆ ಹೊಳೆಯುತ್ತದೆ, ಅಂಚಿನಲ್ಲಿ ತೆಳು ಒಣಹುಲ್ಲಿನ ಬಣ್ಣ ಬಂದರೂ ನಡೆಯುತ್ತದೆ. ನೀಲಿ ಬಂದರೆ ರಕ್ಷಣೆ ತಪ್ಪಿದೆ ಎಂದರ್ಥ. ಬೂದು, ಬಿಳಿ ಪುಡಿ ಕಂಡರೆ ಆ ಜೋಡಣೆ ಕೆಟ್ಟಿತು. ತೊಂದರೆ ಏನೆಂದರೆ ಕೊನೆಯ ಬ್ರಷ್ ಫಿನಿಷ್ ಕೊಟ್ಟಾಗ ಬಣ್ಣವೆಲ್ಲ ಅಳಿಸಿಹೋಗುತ್ತದೆ, ಕೈಗೆ ಬಂದ ಫ್ರೇಮಿನಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಹಾಗಾಗಿ ಪ್ರತಿ ಜೋಡಣೆಯನ್ನೂ ಬ್ರಷ್ ಮಾಡುವ ಮುಂಚೆ ಹತ್ತಿರದಿಂದ ಫೋಟೋ ತೆಗೆದು ಕಳಿಸಬೇಕೆಂಬ ಷರತ್ತು ಒಪ್ಪಂದದಲ್ಲಿತ್ತು. ಹಣದ ಕಂತುಗಳನ್ನೂ ಅದಕ್ಕೇ ಕಟ್ಟಿಹಾಕಲಾಗಿತ್ತು: ನಕ್ಷೆಗೆ ಸಹಿಯಾದಾಗ ಶೇ. 40, ಬೆಸುಗೆಯ ಫೋಟೋಗಳು ಬಂದ ಮೇಲೆ ಶೇ. 40, ಫ್ರೇಮ್ ಪರೀಕ್ಷಿಸಿ ಒಪ್ಪಿದ ದಿನ ಶೇ. 20.

ಷರತ್ತು ಮೊದಲ ವಾರವೇ ಕೆಲಸಕ್ಕೆ ಬಂತು. ಡೌನ್ ಟ್ಯೂಬಿಗೆ ಬೆಸೆದ ಬಾಟಲ್ ಬಾಸ್ (ಬಾಟಲಿ ಹಿಡಿಕೆಯ ಬೋಲ್ಟ್ ಕೂರುವ ತುಂಡು) ಒಂದರ ಸುತ್ತ ಗಾಢ ನೀಲಿ ಉಂಗುರ ಕಂಡಿತು. ಅಲ್ಲಿ ಭಾರ ಬೀಳುವುದಿಲ್ಲ, ತೊಂದರೆಯಿಲ್ಲ ಎಂಬುದು ವೆಲ್ಡರ್ ಅವರ ಮೊದಲ ಮಾತು. ಪೈಪಿನ ನಡುಭಾಗದಲ್ಲಿ ಬಾಗುವ ಬಲ ಕಡಿಮೆ ಎಂಬುದು ನಿಜವೇ. ಆದರೆ ಬಾಸ್ ಕೂರಿಸಲು ಕೊರೆದ ತೂತು ತಾನೇ ಒತ್ತಡ ಸೇರುವ ಜಾಗ, ಗೋಡೆ ಬರೀ 0.9 ಮಿ.ಮೀ.; ಪೆಡಸಾದ ಪದರ ಅಲ್ಲಿದ್ದರೆ ಬಿರುಕು ಹುಟ್ಟಲು ಅಷ್ಟು ಸಾಕು. ಪೈಪು ಇನ್ನೂ ಫ್ರೇಮ್ ಜೋಡಿಸುವ ಜಿಗ್‌ಗೆ ಏರಿರಲಿಲ್ಲ, ಬದಲಿಸಿದರೆ ನಷ್ಟ ಒಂದು ಪೈಪಿನದಷ್ಟೇ. ತಯಾರಕರು ಬದಲಿಸಲು ಒಪ್ಪಿದರು, ಖರ್ಚನ್ನೂ ತಾವೇ ಹಾಕಿಕೊಂಡರು. ಅದೇ ಅಳತೆಯ ಇನ್ನೊಂದು ಪೈಪು ಸ್ಟಾಕ್‌ನಲ್ಲಿ ಇರಲಿಲ್ಲ, ಮುಂದಿನ ಲಾಟ್ ಬರುವವರೆಗೆ ಕೆಲಸ ನಿಂತಿತು. 16 ವಾರವೆಂದಿದ್ದ ಫ್ರೇಮ್ 23 ವಾರಕ್ಕೆ ಸಿಕ್ಕಿತು. ಸಣ್ಣ ವರ್ಕ್‌ಶಾಪ್‌ಗಳಲ್ಲಿ ತಡವಾಗಲು ಪೈಪಿನ ಸ್ಟಾಕ್ ದೊಡ್ಡ ಕಾರಣ. ಡೌನ್ ಟ್ಯೂಬ್ ಒಂದು ಹೆಚ್ಚುವರಿ ತರಿಸಲು ಮೊದಲೇ ದುಡ್ಡು ಸೇರಿಸಿ ಕೊಟ್ಟರೆ ತಿಂಗಳುಗಳು ಉಳಿಯುತ್ತವೆ.

ಫ್ರೇಮ್ ಒಪ್ಪಿಕೊಂಡ ದಿನ

ತೂಕಕ್ಕೆ ಹಾಕಿ ಖುಷಿಪಡುವುದು ಆಮೇಲೆ. ಮೊದಲು ದಾರ. ಒಂದು ಗಟ್ಟಿ ದಾರವನ್ನು ಎಡ ಡ್ರಾಪ್‌ಔಟ್‌ಗೆ ಕಟ್ಟಿ, ಹೆಡ್ ಟ್ಯೂಬ್ ಸುತ್ತಿ, ಬಲ ಡ್ರಾಪ್‌ಔಟ್‌ಗೆ ಬಿಗಿಯಾಗಿ ಎಳೆದು ಕಟ್ಟಬೇಕು. ಸೀಟ್ ಟ್ಯೂಬಿನಿಂದ ಎರಡೂ ಬದಿಯ ದಾರಕ್ಕೆ ಇರುವ ಅಂತರವನ್ನು ವರ್ನಿಯರ್‌ನಲ್ಲಿ ಅಳೆಯಬೇಕು. ವ್ಯತ್ಯಾಸ 1 ಮಿ.ಮೀ. ಒಳಗಿರಬೇಕು. ಇಲ್ಲಿ 0.6 ಬಂತು. ಹಿಂದಿನ ಅಚ್ಚಿನ ಅಗಲ 142 ಮಿ.ಮೀ.ಗೆ ಸರಿಯಾಗಿ ಇತ್ತು.

ಬಿಬಿ ಬಿಎಸ್‌ಎ ಮರೆಯದು, ಅಂದರೆ ಬೇರಿಂಗ್ ಕಪ್ ಸ್ಕ್ರೂ ಸುತ್ತಿನಲ್ಲಿ ತಿರುಗಿ ಕೂರುವಂಥದ್ದು. ಒತ್ತಿ ಕೂರಿಸುವ ಪ್ರೆಸ್ ಫಿಟ್ ಕಡೆ ಹೋಗದಿದ್ದದ್ದು ಜಾಣತನ. ಬಿಎಸ್‌ಎ ಕಪ್ ಯಾವ ಅಂಗಡಿಯಲ್ಲೂ ಸಿಗುತ್ತದೆ, ಯಾವ ಮೆಕ್ಯಾನಿಕ್‌ಗೂ ಗೊತ್ತು. ಕಪ್ ಬೆರಳಿನಲ್ಲೇ ಕೊನೆಯವರೆಗೆ ತಿರುಗಬೇಕು. ಚೈನಿನ ಬದಿಯ ಮರೆ ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ ಎಂಬುದನ್ನು ಮರೆತು ಬಲವಂತ ಮಾಡಿದರೆ ಟೈಟಾನಿಯಂ ಮರೆ ಕಚ್ಚಿಕೊಂಡು ಹಾಳಾಗುತ್ತದೆ. ಬಿಬಿ ತೆರೆದಿರುವಾಗಲೇ ಎಸ್‌ಪಿ ರೋಡಿನಲ್ಲಿ ಸಿಗುವ, ಫೋನಿಗೆ ಸಿಕ್ಕಿಸುವ ತೆಳು ಕ್ಯಾಮೆರಾವನ್ನು ಒಳಗೆ ತೂರಿಸಿ ಚೈನ್‌ಸ್ಟೇ ಜೋಡಣೆಗಳ ಹಿಂಬದಿಯನ್ನೂ ನೋಡಲಾಯಿತು. ಬೆಳ್ಳಿ ಬಣ್ಣವೇ ಇತ್ತು. ಒಳಗೆ ಸಕ್ಕರೆ ಹರಳಿನಂತೆ ಒರಟಾಗಿದ್ದಿದ್ದರೆ ಒಳಗಿನ ಆರ್ಗನ್ ಸಾಲದೆ ಹೋಗಿದೆ ಎಂದಾಗುತ್ತಿತ್ತು.

ಸೀಟ್ ಟ್ಯೂಬಿನಲ್ಲಿ 27.2 ಮಿ.ಮೀ. ಪೋಸ್ಟ್ ಸ್ವಲ್ಪ ಎಣ್ಣೆ ಹಚ್ಚಿದರೆ ತನ್ನ ಭಾರಕ್ಕೆ ನಿಧಾನ ಇಳಿಯಬೇಕು. ಬೆಸುಗೆಯ ಬಿಸಿಗೆ ಬೋರ್ ಮೊಟ್ಟೆಯಾಕಾರಕ್ಕೆ ಬರುತ್ತದೆ, ಆಮೇಲೆ ರೀಮರ್ ಹೊಡೆದು ಸರಿಮಾಡುತ್ತಾರೆ. ಹೆಚ್ಚು ಹೊಡೆದರೆ ಪೋಸ್ಟ್ ಜಾರುವುದು ತಪ್ಪುವುದಿಲ್ಲ. ಪೋಸ್ಟಿನ ಕೆಳತುದಿ ಟಾಪ್ ಟ್ಯೂಬ್ ಕೂಡುವ ಜಾಗಕ್ಕಿಂತ ಕೆಳಗಿಳಿದಿರಬೇಕು, ಮೇಲೆಯೇ ನಿಂತರೆ ಕಾಲರ್ ಹತ್ತಿರ ಬಿರುಕು ಬರುತ್ತದೆ.

ಸಿಕ್ಕಿದ ದೋಷ ಒಂದೇ. ಹಿಂದಿನ ಡಿಸ್ಕ್ ಬ್ರೇಕ್ ಕೂರುವ ಫ್ಲಾಟ್ ಮೌಂಟ್‌ನ ಎರಡು ಮುಖಗಳು ಒಂದೇ ಸಮತಲದಲ್ಲಿ ಇರಲಿಲ್ಲ. ಕ್ಯಾಲಿಪರ್ ಬಿಗಿದಂತೆಲ್ಲ ವಾಲುತ್ತಿತ್ತು, ಪ್ಯಾಡು ರೋಟರ್ ಸವರುತ್ತಿತ್ತು. ಕ್ಯಾಲಿಪರ್ ಸಡಿಲಿಸಿ ಕಣ್ಣಂದಾಜಿನಲ್ಲಿ ಹೊಂದಿಸಿ ಕಳಿಸುವುದು ಅಂಗಡಿಗಳ ವಾಡಿಕೆ. ಅದು ಮೊದಲ ಇಳಿಜಾರಿನಲ್ಲೇ ಮತ್ತೆ ಕಿರುಗುಡುತ್ತದೆ. ಫೇಸಿಂಗ್ ಕಟರ್‌ನಿಂದ ಎರಡೂ ಮುಖವನ್ನು ಒಂದೇ ಮಟ್ಟಕ್ಕೆ ತಂದದ್ದು ಸರಿಯಾದ ಪರಿಹಾರ; ತಯಾರಕರು ಅಲ್ಲೇ ಮಾಡಿಕೊಟ್ಟರು, ಆನಂತರವೇ ಕೊನೆಯ ಕಂತು ಕೈಬದಲಾಯಿತು.

ಜೋಡಣೆ, ಮೊದಲ ಮಳೆಗಾಲ

ಟೈಟಾನಿಯಂಗೆ ತುಕ್ಕಿಲ್ಲ, ಅದನ್ನು ಮುಟ್ಟುವ ಅಲ್ಯೂಮಿನಿಯಂಗೆ ಉಂಟು. ಒದ್ದೆಯಲ್ಲಿ ಈ ಎರಡು ಲೋಹ ಕೂಡಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ ಕಚ್ಚಿಕೊಳ್ಳುತ್ತದೆ. ಬಿಬಿ ಕಪ್, ಅಲ್ಯೂಮಿನಿಯಂ ಸೀಟ್‌ಪೋಸ್ಟ್, ಟೈಟಾನಿಯಂ ಮರೆಗೆ ಹೋಗುವ ಪ್ರತಿ ಬೋಲ್ಟಿಗೂ ತಾಮ್ರದ ಆಂಟಿ ಸೀಜ್ ಪೇಸ್ಟ್ ಬೇಕು, ಸಾದಾ ಗ್ರೀಸ್ ಮಳೆಗೆ ತೊಳೆದುಹೋಗುತ್ತದೆ. ಬಿಬಿ ಕಪ್‌ಗೆ 35ರಿಂದ 50 ನ್ಯೂಟನ್ ಮೀಟರ್. ಕೇಬಲ್‌ಗಳನ್ನು ಹೊರಗಡೆಯೇ, ಪೂರ್ತಿ ಹೊದಿಕೆಯಲ್ಲಿ ಎಳೆಯಲಾಯಿತು; ಹೆಡ್‌ಸೆಟ್ ಮೂಲಕ ಒಳಗೆ ತೂರಿಸಿದ್ದರೆ ಬೇರಿಂಗ್ ಬದಲಿಸುವಾಗಲೆಲ್ಲ ಬ್ರೇಕ್ ಪೈಪು ಬಿಚ್ಚಬೇಕಾಗುತ್ತಿತ್ತು. ಗೇರು ಬದಲಿಸುವ ಡಿರೇಲರ್ ತೂಗುವ ಹ್ಯಾಂಗರ್ ಎಲ್ಲೆಡೆ ಸಿಗುವ ಯುಡಿಎಚ್ ಮಾದರಿಯದು. ಹಿಂದಿನ ಅಚ್ಚಿನ ಮರೆ ಯಾವುದು, ಸುತ್ತಿನ ಅಂತರ 1.0 ಮಿ.ಮೀ.ಯೋ 1.5 ಮಿ.ಮೀ.ಯೋ, ಎಂಬುದನ್ನು ನಕ್ಷೆಯ ಮೇಲೇ ಬರೆಸಿಕೊಳ್ಳಲಾಯಿತು. ನೋಡಲು ಎರಡೂ ಒಂದೇ ಥರ, ತಪ್ಪಾದದ್ದು ಮೂರು ಸುತ್ತಿಗೆ ಕಚ್ಚುತ್ತದೆ.

ಮೊದಲ ಮಳೆಗಾಲದಲ್ಲಿ ಏರು ತುಳಿಯುವಾಗ ಕಿರ್ ಎಂಬ ಸದ್ದು ಶುರುವಾಯಿತು. ಸದ್ದು ಬಂದ ಕೂಡಲೇ ಫ್ರೇಮ್ ಬಿರುಕು ಬಿಟ್ಟಿತೆಂದು ಗಾಬರಿಯಾಗುವವರು ಬಹಳ. ಹುಡುಕುವ ಕ್ರಮ ಇದೆ: ಮೊದಲು ಸೀಟ್‌ಪೋಸ್ಟ್ ಬಿಚ್ಚಿ ಒರೆಸಿ ಪೇಸ್ಟ್ ಹಚ್ಚಿ ನೋಡುವುದು, ಆಮೇಲೆ ಹ್ಯಾಂಗರ್, ಹಿಂದಿನ ಅಚ್ಚು, ಪೆಡಲು, ಕೊನೆಗೆ ಬಿಬಿ. ನಿಂತು ತುಳಿದಾಗ ಸದ್ದು ನಿಂತರೆ ಸೀಟ್‌ಪೋಸ್ಟ್ ಕಡೆಯದೇ. ಇಲ್ಲಿ ಹ್ಯಾಂಗರ್ ಕೂರುವ ಜಾಗಕ್ಕೆ ಮಣ್ಣು ಸೇರಿತ್ತು.

ನಿಜವಾದ ಬಿರುಕು ಬರುವುದಾದರೆ ಬೆಸುಗೆಯ ಅಂಚಿನಲ್ಲೇ. ಚೈನ್‌ಸ್ಟೇ ಬಿಬಿಗೆ ಕೂಡುವಲ್ಲಿ, ಡೌನ್ ಟ್ಯೂಬ್ ಹೆಡ್ ಟ್ಯೂಬಿಗೆ ಕೂಡುವಲ್ಲಿ, ಸೀಟ್ ಕಾಲರ್ ಕೆಳಗೆ. ತೊಳೆದು ಒಣಗಿಸಿದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದರೆ, ಒರೆಸಿದರೂ ಹೋಗದ ಕೂದಲೆಳೆಯಂಥ ಕಪ್ಪು ಗೆರೆಯಾಗಿ ಕಾಣುತ್ತದೆ. ಕಂಡರೆ ಓಡಿಸುವುದನ್ನು ನಿಲ್ಲಿಸಿ ಕಟ್ಟಿದವರಿಗೇ ಒಯ್ಯಬೇಕು. ಅವರು ಅಂಗಡಿ ಮುಚ್ಚಿದ್ದರೆ, ಒಳಗೆ ಆರ್ಗನ್ ತುಂಬಿ ಗ್ರೇಡ್ 9ಕ್ಕೆ ಹೊಂದುವ ಫಿಲ್ಲರ್ ಕಡ್ಡಿಯಿಂದ ಬೆಸೆಯಬಲ್ಲ ಬೇರೆಯವರಿಗೆ ಒಯ್ಯಬೇಕು. ಅವರು ಮೊದಲು ಕೇಳುವುದು ಪೈಪಿನ ವ್ಯಾಸ, ಗೋಡೆ, ಗ್ರೇಡ್. ಸಹಿಯಾದ ನಕ್ಷೆ, ಪೈಪಿನ ಪಟ್ಟಿ, ಬೆಸುಗೆಯ ಫೋಟೋಗಳು ಈ ಮೂರನ್ನೂ ಗ್ರಾಹಕಿ ಒಂದೇ ಫೈಲಿನಲ್ಲಿಟ್ಟು, ಒಂದು ಪ್ರತಿಯನ್ನು ತಮ್ಮ ಮೆಕ್ಯಾನಿಕ್‌ಗೂ ಕೊಟ್ಟಿದ್ದಾರೆ.